ಸ್ಥೂಲಕಾಯರಾದ ಹಿರಿಯರಿಗೆ ಕೋಲಾಟದ ಅಂಗಸಾಧನೆ



ಎರಡು ವರ್ಷಗಳ ಹಿಂದೆ ನಮ್ಮ ಪಾಠಶಾಲೆಯಲ್ಲಿ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನವು ನಡೆದಾಗ, ಪ್ರಾರ್ಥನೆಯನ್ನು ವಾಡಿಕೆಯಂತೆ ಮಹಡಿಯ ಮೇಲಣ ಸಭಾಮಂದಿರದಲ್ಲಿ ಏರ್ಪಡಿಸಿದ್ದೆವು. ಆ ಮಂದಿರಕ್ಕೆ ಇಪ್ಪತ್ತೆರಡು ಮೆಟ್ಟಿಲುಗಳು. ಗಂಟೆ ಬಾರಿಸಿದ ಮೇಲೆ ನಾನು ಮೇಲಿನಿಂದ ಇಣಿಕಿ ನೋಡಲಾಗಿ, ಮಾವಿನ ಮರದ ಕೆಳಗಣ ಬೆಂಚುಗಳ ಮೇಲೆ ಹದಿನೈದು ಮಂದಿ ಹಿರಿಯರು ಕುಳಿತೇ ಇದ್ದರು. ಬಾಲ್ಯದಲ್ಲಿ ಇವೇ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಏರಿ, ಅದಕ್ಕಾಗಿ ಉಪಾಧ್ಯಾಯಿನಿಯರಿಂದ ಬೈಸಿಕೊಂಡವರು ಅವರು. “ನಾವು ಇಲ್ಲಿಂದಲೇ ಕೇಳಿಸಿಕೊಳ್ಳುತ್ತೇವಮ್ಮ, ನೀವು ಆರಂಭಿಸಿ” ಎಂದು ಒಬ್ಬರು ಕೈಬೀಸಿ ಹೇಳಿದರು. ಅವರ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ಕುಳಿತಿದ್ದವರು ನನ್ನ ತಾಯಿಯವರು.

ನನ್ನ ತಾಯಿಯವರೂ ಈ ಶಾಲೆಯಲ್ಲಿಯೇ ಓದಿದವರು. ಆಗ ಅವರಿಗೆ ಅರವತ್ತೊಂಬತ್ತು ವರ್ಷ. ಮೊಣಕಾಲು ನೋವೆಂದು ಅವರು ನಡೆಯುವುದನ್ನು ಕಡಿಮೆ ಮಾಡಿದರು; ನಡೆಯದಿದ್ದುದರಿಂದ ತೂಕ ಹೆಚ್ಚಿತು; ತೂಕ ಹೆಚ್ಚಿದುದರಿಂದ ನೋವು ಇಮ್ಮಡಿಯಾಯಿತು. “ವಯಸ್ಸಾಯಿತು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ” ಎಂದು ಅವರಿಗೆ ಹೇಳಿದವರಲ್ಲಿ ನಾನೇ ಮೊದಲಿನವಳು. ಇಪ್ಪತ್ತು ವರ್ಷಗಳಿಗೂ ಮೀರಿ ನೂರಾರು ಬಾಲಿಕೆಯರಿಗೆ ಡ್ರಿಲ್ಲು ಮಾಡಿಸಿದ ನಾನು, ಮನೆಯಲ್ಲಿದ್ದ ಒಬ್ಬ ಹಿರಿಯರಿಗೆ ಕುರ್ಚಿಯನ್ನೂ ಮೆತ್ತೆಯನ್ನೂ ಮಾತ್ರ ಒದಗಿಸಿದೆನು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿ ನಾನು ಓದಿ, ವೈದ್ಯರನ್ನು ಕೇಳಿ, ಮಾಡಿ ನೋಡಿ ಕಲಿತ ಪಾಠವನ್ನೇ ಈ ಸಂಚಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ಇದು ಸ್ವಂತಕ್ಕೆ ಬೇಕಾದೀತು. ಉಳಿದವರಿಗೆ ಮನೆಯ ಹಿರಿಯರಿಗಾಗಿ ಬೇಕಾದೀತು.

೧. ಸ್ಥೂಲತೆಯೆಂದರೇನು?

ಶರೀರದ ತೂಕವನ್ನು ಎತ್ತರದೊಡನೆ ಹೋಲಿಸಿ ನೋಡುವ ಒಂದು ಲೆಕ್ಕವುಂಟು. ತೂಕವನ್ನು ಕಿಲೋಗ್ರಾಮುಗಳಲ್ಲಿ ಬರೆದು, ಎತ್ತರವನ್ನು ಮೀಟರುಗಳಲ್ಲಿ ಅಳೆದು, ಎತ್ತರವನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಬೇಕು. ಈ ಭಾಗಲಬ್ಧವು ೨೩ನ್ನು ಮುಟ್ಟಿದರೆ ನಮ್ಮ ದೇಶದವರಿಗೆ ಅಧಿಕ ತೂಕವೆಂದೂ, ೨೫ನ್ನು ಮುಟ್ಟಿದರೆ ಸ್ಥೂಲಕಾಯವೆಂದೂ ಭಾರತೀಯ ವೈದ್ಯರು ೨೦೦೯ರಲ್ಲಿ ಒಮ್ಮತದಿಂದ ಪ್ರಕಟಿಸಿದರು. ಪಾಶ್ಚಾತ್ಯರಿಗೆ ಈ ಗಡಿಗಳು ೨೫ ಮತ್ತು ೩೦. ನಮ್ಮವರಲ್ಲಿ ಅಷ್ಟು ತೂಕವಿಲ್ಲದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಬೇಗ ಶೇಖರವಾಗಿ, ಸಕ್ಕರೆ ಕಾಯಿಲೆಯೂ ಹೃದ್ರೋಗವೂ ಬೇಗನೆ ತಲೆದೋರುವುದರಿಂದ ನಮ್ಮ ಗಡಿಯನ್ನು ಕೆಳಗಿರಿಸಿದ್ದಾರೆ. ದೃಷ್ಟಾಂತವಾಗಿ, ೧೫೦ ಸೆಂಟಿಮೀಟರು ಎತ್ತರವುಳ್ಳ ಸ್ತ್ರೀಯು ೫೨ ಕಿಲೋ ತೂಗಿದರೆ ಅಧಿಕ ತೂಕದ ಗಡಿಯನ್ನು ದಾಟುತ್ತಾಳೆ. ೭೦ ಕಿಲೋ ತೂಗಿದರೆ ಆಕೆಯ ಅಂಕವು ೩೧ನ್ನು ಮೀರುತ್ತದೆ. ನನ್ನ ತಾಯಿಯವರ ಅಂಕವೂ ಅದೇ ಆಗಿತ್ತು.

ಇದರ ಜೊತೆಗೆ ಒಂದು ಟೇಪನ್ನು ತೆಗೆದುಕೊಂಡು ಸೊಂಟದ ಸುತ್ತಳತೆಯನ್ನೂ ನೋಡಬೇಕು. ಸ್ತ್ರೀಯರಿಗೆ ೮೦ ಸೆಂಟಿಮೀಟರು, ಪುರುಷರಿಗೆ ೯೦ ಸೆಂಟಿಮೀಟರು ಎಂಬುದು ನಮ್ಮವರಿಗೆ ಹೇಳಿರುವ ಮಿತಿ. ಮುಪ್ಪಿನಲ್ಲಿ ಈ ಅಳತೆಯು ವಿಶೇಷವಾಗಿ ಉಪಯುಕ್ತ. ಏಕೆಂದರೆ ವಯಸ್ಸಾದಂತೆ ಸ್ನಾಯುಗಳು ಕರಗಿ ಆ ಸ್ಥಳದಲ್ಲಿ ಕೊಬ್ಬು ಸೇರಿಕೊಳ್ಳುವುದರಿಂದ, ತಕ್ಕಡಿಯ ಮುಳ್ಳು ಅಲ್ಲಾಡದೆ ಇದ್ದರೂ ಒಳಗೆ ಹಾನಿಯು ನಡೆದೇ ಇರುತ್ತದೆ.

೨. ತೂಕವೂ ಬಲವೂ

ಇಲ್ಲಿ ನಾವು ಒಂದು ಸಾಮಾನ್ಯವಾದ ತಪ್ಪು ಭಾವನೆಯನ್ನು ಬಿಡಬೇಕು. ದಪ್ಪಗಿರುವವರು ವ್ಯಾಯಾಮ ಮಾಡುವುದು ತೆಳ್ಳಗಾಗುವುದಕ್ಕೆ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗೆ ತಿಳಿದು ಆರಂಭಿಸಿದವರು ಒಂದು ತಿಂಗಳು ಮಾಡಿ, ತಕ್ಕಡಿಯ ಮೇಲೆ ನಿಂತು, ಏನೂ ಇಳಿಯಲಿಲ್ಲವೆಂದು ನಿರಾಶೆಗೊಂಡು ಬಿಟ್ಟುಬಿಡುತ್ತಾರೆ. ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ೭೦ ಕಿಲೋ ತೂಗುವವರು ಅರ್ಧ ಗಂಟೆ ಮಿತವಾಗಿ ಕುಣಿದರೆ ವೆಚ್ಚವಾಗುವುದು ಸುಮಾರು ೧೪೦ ಕ್ಯಾಲರಿ ಮಾತ್ರ. ಮನೆಗೆ ಬಂದು ತಿನ್ನುವ ಒಂದು ಲಾಡು ಅದನ್ನೆಲ್ಲ ಹಿಂದಕ್ಕೆ ಕೊಟ್ಟುಬಿಡುತ್ತದೆ.

ಹಾಗಾದರೆ ಪ್ರಯೋಜನವೇನು? ೨೦೧೧ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಪರೀಕ್ಷೆಯು ಈ ಪ್ರಶ್ನೆಗೆ ಸ್ಪಷ್ಟವಾಗಿ ಉತ್ತರ ಕೊಡುತ್ತದೆ. ಅರವತ್ತೈದು ದಾಟಿದ ೧೦೭ ಮಂದಿ ಸ್ಥೂಲಕಾಯರನ್ನು ವಿಭಾಗಿಸಿ, ಕೆಲವರಿಗೆ ಮಿತಾಹಾರವನ್ನೂ, ಕೆಲವರಿಗೆ ವ್ಯಾಯಾಮವನ್ನೂ, ಕೆಲವರಿಗೆ ಎರಡನ್ನೂ ಒಂದು ವರ್ಷ ಮಾಡಿಸಿದರು. ಉಳಿದವರನ್ನು ಹೋಲಿಕೆಗಾಗಿ ಇಟ್ಟುಕೊಂಡರು. ವ್ಯಾಯಾಮ ಮಾತ್ರ ಮಾಡಿದವರ ತೂಕವು ಇಳಿಯಲಿಲ್ಲ. ಆದರೂ ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಮುಂತಾದ ಕೆಲಸಗಳಲ್ಲಿ ಅವರ ಸಾಮರ್ಥ್ಯದ ಅಂಕವು ನೂರಕ್ಕೆ ೧೫ರಷ್ಟು ಹೆಚ್ಚಿತು. ಮಿತಾಹಾರ ಮಾತ್ರ ಮಾಡಿದವರಲ್ಲಿ ಈ ಹೆಚ್ಚಳವು ನೂರಕ್ಕೆ ೧೨. ಎರಡನ್ನೂ ಮಾಡಿದವರಲ್ಲಿ ೨೧. ಇದಲ್ಲದೆ, ಕೇವಲ ಆಹಾರವನ್ನು ಕಡಿಮೆ ಮಾಡಿದವರು ಕೊಬ್ಬಿನೊಡನೆ ಸ್ನಾಯುಗಳನ್ನೂ ಹೆಚ್ಚಾಗಿ ಕಳೆದುಕೊಂಡರು. ವ್ಯಾಯಾಮವನ್ನೂ ಕೂಡಿಸಿಕೊಂಡವರಲ್ಲಿ ಆ ನಷ್ಟವು ಕಡಿಮೆಯಾಗಿತ್ತು. ಆ ಪರೀಕ್ಷೆಯಲ್ಲಿ ಮಾಡಿಸಿದುದು ನೃತ್ಯವಲ್ಲ; ಉಸಿರಿನ, ಬಲದ ಮತ್ತು ಸಮತೋಲನದ ವ್ಯಾಯಾಮಗಳು. ಆದರೆ ಈ ಮೂರನ್ನೂ ಒಂದೇ ಪಾಠದಲ್ಲಿ ಸೇರಿಸಿಕೊಳ್ಳಲು ನೃತ್ಯದಲ್ಲಿ ಅವಕಾಶವುಂಟು.

ಆದುದರಿಂದ ನಮ್ಮ ಉದ್ದೇಶವು ತೆಳ್ಳಗಾಗುವುದಲ್ಲ, ತನ್ನ ಕಾಲಿನ ಮೇಲೆ ತಾನು ನಿಲ್ಲುವುದು. ಅದರ ಜೊತೆಯಲ್ಲಿ ಸ್ವಲ್ಪ ತೂಕವು ಇಳಿದರೆ ಅದೂ ಲಾಭವೇ. ಮೊಣಕಾಲು ಸವೆದ ಸ್ಥೂಲಕಾಯದ ಹಿರಿಯರನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಕಿಲೋ ತೂಕ ಇಳಿದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲೆ ಬೀಳುವ ಭಾರವು ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ದಿವಸಕ್ಕೆ ಮೂರು ಸಾವಿರ ಹೆಜ್ಜೆ ನಡೆಯುವವರಿಗೆ ಇದು ಎಷ್ಟಾಗುತ್ತದೆಂಬುದನ್ನು ನಮ್ಮ ಬಾಲಿಕೆಯರೇ ಗುಣಿಸಿ ಹೇಳಬಲ್ಲರು.

೩. ನೃತ್ಯವೇ ಏಕೆ?

ನಡಿಗೆಯು ಒಳ್ಳೆಯದಲ್ಲವೆ ಎಂದು ಕೇಳಬಹುದು. ಬಹಳ ಒಳ್ಳೆಯದು. ಅದು ಸಾಧ್ಯವಿರುವವರು ಎಂದಿಗೂ ಬಿಡಕೂಡದು. ಆದರೆ ಮಳೆಗಾಲದ ರಸ್ತೆಯಲ್ಲಿ, ಬೀದಿನಾಯಿಗಳ ನಡುವೆ, ಒಡೆದ ಕಾಲುದಾರಿಯ ಮೇಲೆ ದಪ್ಪ ಶರೀರದ ಹಿರಿಯರು ಒಬ್ಬರೇ ನಡೆಯಲು ಅಂಜುತ್ತಾರೆ. ನೃತ್ಯಕ್ಕೆ ಒಂದು ಹಜಾರವೂ ನಾಲ್ಕು ಮಂದಿ ಜೊತೆಯವರೂ ಸಾಕು.

ಸಂಗೀತದೊಡನೆ ಹೆಜ್ಜೆ ಹಾಕುವುದನ್ನು ವ್ಯಾಯಾಮದ ಕ್ರಮವಾಗಿ ಮಾಡಿದುದು ಹೊಸ ಸಂಗತಿಯಲ್ಲ. ಅಮೆರಿಕದ ವಾಯುಸೇನೆಯ ವೈದ್ಯರಾಗಿದ್ದ ಕೆನೆತ್ ಕೂಪರ್ ಎಂಬವರು ೧೯೬೮ರಲ್ಲಿ ‘ಏರೋಬಿಕ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿ, ಹೃದಯವನ್ನೂ ಶ್ವಾಸಕೋಶಗಳನ್ನೂ ಬಲಪಡಿಸುವ ಅಂಗಸಾಧನೆಯನ್ನು ಬೋಧಿಸಿದರು. ಮರು ವರ್ಷವೇ, ಎಂದರೆ ೧೯೬೯ರಲ್ಲಿ, ಜಾಕಿ ಸೊರೆನ್‌ಸನ್ ಎಂಬ ಮಹಿಳೆಯು ಪೋರ್ಟೊ ರಿಕೊ ದ್ವೀಪದ ವಾಯುಸೇನಾ ನೆಲೆಯಲ್ಲಿ ಅದನ್ನು ನೃತ್ಯಕ್ಕೆ ಅಳವಡಿಸಿ ಇತರ ಮಹಿಳೆಯರಿಗೆ ಕಲಿಸಿದರು. ನಮ್ಮ ಶಾಲೆಗಳಲ್ಲಿಯಾದರೋ ಈ ಕೆಲಸವು ಬೇರೊಂದು ಹೆಸರಿನಿಂದ ಅದಕ್ಕೂ ಬಹಳ ಮುಂಚಿನಿಂದ ನಡೆದಿತ್ತು. ಹ್ಯಾರಿ ಕ್ರೋ ಬಕ್ ಅವರು ೧೯೨೦ರಲ್ಲಿ ಮದರಾಸಿನಲ್ಲಿ ವೈ. ಎಂ. ಸಿ. ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ ಮೇಲೆ ದಕ್ಷಿಣದ ಶಾಲೆಗಳಿಗೆ ತರಬೇತಾದ ವ್ಯಾಯಾಮ ಶಿಕ್ಷಕರು ದೊರೆಯತೊಡಗಿದರು. ಕನ್ನಡ ನಾಡಿನ ಬಾಲಿಕಾ ಪಾಠಶಾಲೆಗಳಲ್ಲಿ ಡ್ರಿಲ್ಲಿನೊಡನೆ ಕೋಲಾಟವೂ ವಾರ್ಷಿಕೋತ್ಸವಗಳಲ್ಲಿ ನೆಲೆಯೂರಿತು. ಕಂಬದ ಮೇಲಿನಿಂದ ಇಳಿಬಿಟ್ಟ ಬಣ್ಣದ ಪಟ್ಟಿಗಳನ್ನು ಹೆಣೆದು ಬಿಚ್ಚುವ ಜಡೆ ಕೋಲಾಟವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಮರೆತವರಾರು?

ಕೋಲಾಟದಲ್ಲಿ ಮೂರು ಗುಣಗಳಿವೆ. ಮೊದಲನೆಯದಾಗಿ, ಹಾರದೆ ನೆಗೆಯದೆ ಆಡಬಹುದು. ಒಂದು ಪಾದವು ಯಾವಾಗಲೂ ನೆಲದ ಮೇಲೆಯೇ ಇರುವುದರಿಂದ ಕೀಲುಗಳಿಗೆ ಪೆಟ್ಟು ಬೀಳುವುದಿಲ್ಲ. ಎರಡನೆಯದಾಗಿ, ಕಾಲಿನೊಡನೆ ಕೈ, ಭುಜ, ಬೆನ್ನುಗಳೂ ದುಡಿಯುತ್ತವೆ. ಮೂರನೆಯದಾಗಿ, ಜೊತೆಯವರ ಕೋಲು ಯಾವ ಕಡೆಯಿಂದ ಬರುತ್ತದೆಂಬುದನ್ನು ನೋಡುತ್ತ, ಮುಂದಿನ ವರಸೆಯನ್ನು ನೆನೆಯುತ್ತ, ಕಾಲನ್ನು ಬದಲಾಯಿಸಬೇಕಾದುದರಿಂದ ಬುದ್ಧಿಗೂ ಕೆಲಸವಾಗುತ್ತದೆ. ಹಿರಿಯರು ಬೀಳುವುದು ಸಾಮಾನ್ಯವಾಗಿ ಸುಮ್ಮನೆ ನಿಂತಿರುವಾಗ ಅಲ್ಲ. ಬೇರೆ ಯಾವುದನ್ನೋ ಗಮನಿಸುತ್ತ ತಿರುಗುವಾಗ, ಹೆಜ್ಜೆಯನ್ನು ಬದಲಾಯಿಸುವಾಗ. ಆ ಸಂದರ್ಭಕ್ಕೇ ಇದು ಅಭ್ಯಾಸ ಕೊಡುತ್ತದೆ.

ಇದಕ್ಕೆ ಪರೀಕ್ಷೆಗಳ ಬೆಂಬಲವೂ ಸ್ವಲ್ಪ ಮಟ್ಟಿಗೆ ಇದೆ. ಜರ್ಮನಿಯ ಮ್ಯಾಗ್ಡೆಬರ್ಗ್ ನಗರದಲ್ಲಿ ಆರೋಗ್ಯವಂತ ವೃದ್ಧರ ಒಂದು ಗುಂಪಿಗೆ ಆಗಾಗ ಹೊಸ ಹೊಸ ನೃತ್ಯಗಳನ್ನೂ, ಇನ್ನೊಂದು ಗುಂಪಿಗೆ ಒಂದೇ ಬಗೆಯ ಕಸರತ್ತನ್ನೂ ಹದಿನೆಂಟು ತಿಂಗಳು ಮಾಡಿಸಿ, ೨೦೧೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೆನಪಿಗೆ ಸಂಬಂಧಪಟ್ಟ ಮೆದುಳಿನ ಭಾಗವು ಎರಡು ಗುಂಪುಗಳಲ್ಲಿಯೂ ವೃದ್ಧಿಹೊಂದಿತ್ತು. ಸಮತೋಲನವು ಉತ್ತಮವಾದುದು ನೃತ್ಯ ಮಾಡಿದವರಲ್ಲಿ ಮಾತ್ರ. ಗುಂಪುಗಳು ಚಿಕ್ಕವು, ಒಂದೊಂದರಲ್ಲಿ ಹದಿನೈದು ಮಂದಿಗಿಂತ ಕಡಿಮೆ. ೨೦೦೩ರಲ್ಲಿ ನ್ಯೂಯಾರ್ಕಿನಿಂದ ಪ್ರಕಟವಾದ ಮತ್ತೊಂದು ವಿಚಾರಣೆಯಲ್ಲಿ, ಎಪ್ಪತ್ತೈದು ದಾಟಿದ ೪೬೯ ಮಂದಿಯನ್ನು ಹಲವು ವರ್ಷ ಗಮನಿಸಲಾಗಿ, ಶರೀರಶ್ರಮದ ಹವ್ಯಾಸಗಳ ಪೈಕಿ ನೃತ್ಯವೊಂದೇ ಮರೆಗುಳಿತನದ ರೋಗವು ಕಡಿಮೆಯಾಗಿರುವುದರೊಡನೆ ಕಂಡುಬಂದಿತು. ಆದರೆ ನೃತ್ಯದಿಂದ ರೋಗ ತಪ್ಪಿತೋ, ಮನಸ್ಸು ಚುರುಕಾಗಿದ್ದವರೇ ನೃತ್ಯಕ್ಕೆ ಹೋಗುತ್ತಿದ್ದರೋ ಎಂಬುದನ್ನು ಅಂಥ ವಿಚಾರಣೆಯು ತೀರ್ಮಾನಿಸಲಾರದು. ಆದುದರಿಂದ ಕೋಲಾಟವನ್ನು ಸರ್ವರೋಗ ನಿವಾರಿಣಿಯೆಂದು ಯಾರೂ ತಿಳಿಯಬಾರದು.

೪. ಸಂಕೋಚ

ನಿಜವಾದ ಅಡ್ಡಿಯು ಮೊಣಕಾಲಿನಲ್ಲಿಲ್ಲ, ಸಂಕೋಚದಲ್ಲಿದೆ. “ಈ ವಯಸ್ಸಿನಲ್ಲಿ ಕುಣಿಯುವುದೆ? ಸೊಸೆ ನೋಡಿದರೆ ಏನೆಂದುಕೊಂಡಾಳು?” ಎಂಬ ಮಾತನ್ನು ನಾನು ಹಲವರ ಬಾಯಿಂದ ಕೇಳಿದ್ದೇನೆ. ದಪ್ಪಗಿರುವವರಿಗೆ ಈ ನಾಚಿಕೆಯು ಎರಡರಷ್ಟು. ಏಕೆಂದರೆ ಅವರ ಶರೀರವನ್ನು ಕುರಿತು ಹಾಸ್ಯ ಮಾಡುವುದನ್ನು ನಮ್ಮ ಮನೆಗಳಲ್ಲಿ ಯಾರೂ ತಪ್ಪೆಂದು ಎಣಿಸುವುದಿಲ್ಲ. ಮಕ್ಕಳೂ ಮೊಮ್ಮಕ್ಕಳೂ ನಗುವುದನ್ನು ನಿಲ್ಲಿಸಿದರೆ ಅರ್ಧ ಚಿಕಿತ್ಸೆಯಾದಂತೆ.

ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಕುಣಿತವನ್ನು ಕುರಿತು ಬೇರೊಂದು ಅಳುಕೂ ಉಂಟು. ಅಂಥವರು ವಿಮೋಚನಕಾಂಡವನ್ನು ತೆರೆದು ನೋಡಬೇಕು. ಕೆಂಪು ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ದಮ್ಮಡಿಯನ್ನು ಹಿಡಿದು ಸ್ತ್ರೀಯರ ಮುಂದೆ ನಾಟ್ಯವಾಡುತ್ತ ಹೊರಟಳು. ಫರೋಹನ ಮುಂದೆ ನಿಂತಾಗ ಮೋಶೆಗೆ ಎಂಬತ್ತು ವರ್ಷವಾಗಿತ್ತೆಂದು ಅದೇ ಗ್ರಂಥವು ಹೇಳುತ್ತದೆ. ಕೂಸಾಗಿದ್ದ ಮೋಶೆಯ ಪೆಟ್ಟಿಗೆಯನ್ನು ನದಿಯ ದಡದಲ್ಲಿ ಕಾದು ನಿಂತ ಅಕ್ಕನು ಈ ಮಿರ್ಯಾಮಳೇ ಎಂಬುದು ಪರಂಪರೆಯಿಂದ ಬಂದ ತಿಳಿವಳಿಕೆ. ಹಾಗಾದರೆ ಆ ದಿನ ದಮ್ಮಡಿ ಬಡಿದ ಕೈಗಳಿಗೆ ಎಂಬತ್ತಕ್ಕಿಂತ ಹೆಚ್ಚು ವಯಸ್ಸಾಗಿತ್ತು.

೫. ಆರಂಭಕ್ಕೆ ಮುಂಚೆ

ಹೃದ್ರೋಗವುಳ್ಳವರು, ರಕ್ತದ ಒತ್ತಡವು ಹತೋಟಿಯಲ್ಲಿಲ್ಲದವರು, ನಡೆಯುವಾಗ ಎದೆನೋವು ಅಥವಾ ತಲೆಸುತ್ತು ಬರುವವರು, ಇತ್ತೀಚೆಗೆ ಬಿದ್ದವರು, ಶಸ್ತ್ರಚಿಕಿತ್ಸೆಯಾದವರು ಮೊದಲು ವೈದ್ಯರ ಒಪ್ಪಿಗೆಯನ್ನು ಪಡೆಯತಕ್ಕದ್ದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಯ ಹೊಟ್ಟೆಯಲ್ಲಿ ಮಾಡಕೂಡದು. ಯಾವಾಗ ತಿನ್ನಬೇಕು, ಔಷಧವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ವೈದ್ಯರಿಂದ ಕೇಳಿಕೊಳ್ಳಬೇಕು. ಮುಗಿದ ಮೇಲೆ ಪಾದಗಳಲ್ಲಿ ಗಾಯವಿದೆಯೇ ಎಂದು ನೋಡಿಕೊಳ್ಳಬೇಕು.

ನೆಲವು ಒಣಗಿರಬೇಕು, ಚಾಪೆ, ಜಮಖಾನೆ ಯಾವುದೂ ಹಾಸಿರಬಾರದು. ಹಿಂಭಾಗದಲ್ಲಿ ಪಟ್ಟಿಯುಳ್ಳ, ಜಾರದ ಚಪ್ಪಲಿ ಅಥವಾ ಬೂಟ್ಸು ಇರಲಿ. ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಳ್ಳಬೇಕು, ಸೆರಗನ್ನು ಸೊಂಟಕ್ಕೆ ಬಿಗಿಯಬೇಕು. ಪ್ರತಿಯೊಬ್ಬರಿಗೂ ಗೋಡೆಗೆ ಒರಗಿಸಿದ, ಗಾಲಿಯಿಲ್ಲದ ಗಟ್ಟಿ ಕುರ್ಚಿಯೊಂದು ಇರತಕ್ಕದ್ದು. ಕೋಲುಗಳು ಒಂದು ಅಡಿಗಿಂತ ಸ್ವಲ್ಪ ಉದ್ದವಾಗಿ, ಹಗುರವಾಗಿ, ನುಣುಪಾಗಿದ್ದರೆ ಸಾಕು.

ಮಾಡುತ್ತಿರುವಾಗ ಎದೆಯಲ್ಲಿ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಕಣ್ಣು ಕತ್ತಲೆಗೂಡುವುದು ಇವುಗಳಲ್ಲಿ ಒಂದು ಕಂಡರೂ ಒಡನೆ ನಿಲ್ಲಿಸಿ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಮೊದಲ ದಿನಗಳಲ್ಲಿ ತೊಡೆಗಳು ಸ್ವಲ್ಪ ನೋಯುವುದು ಸಹಜ. ಆದರೆ ಕೀಲಿನ ನೋವು ಪಾಠವು ಮುಗಿದು ಎರಡು ಗಂಟೆಯಾದರೂ ಮೊದಲಿಗಿಂತ ಹೆಚ್ಚಾಗಿಯೇ ಉಳಿದರೆ, ಆ ದಿನದ ಕೆಲಸವು ಅತಿಯಾಯಿತೆಂದು ತಿಳಿದು ಮುಂದಿನ ಸಲ ಕಡಿಮೆ ಮಾಡಬೇಕು.

೬. ಪಾಠಕ್ರಮ

ಮೊದಲನೆಯ ವಾರ ಹತ್ತು ನಿಮಿಷ ಸಾಕು. ವಾರಕ್ಕೆ ಎರಡು ಮೂರು ನಿಮಿಷಗಳಂತೆ ಹೆಚ್ಚಿಸುತ್ತ ಹೋಗಿ, ಎರಡು ತಿಂಗಳಲ್ಲಿ ಅರ್ಧ ಗಂಟೆಗೆ ತರಬಹುದು. ಅರ್ಧ ಗಂಟೆಯ ಪಾಠವು ಹೀಗಿರುತ್ತದೆ.

ಮೊದಲನೆಯ ಐದು ನಿಮಿಷ, ಕುಳಿತು: ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ನಿಧಾನವಾದ ಹಾಡಿಗೆ ಕೋಲುಗಳನ್ನು ಎದೆಯ ಮುಂದೆ, ತಲೆಯ ಮೇಲೆ, ಬಲಕ್ಕೆ, ಎಡಕ್ಕೆ ಎಂಟೆಂಟು ಸಲ ತಟ್ಟುವುದು. ಅದರೊಡನೆ ಹಿಮ್ಮಡಿಯನ್ನೂ ಕಾಲ್ಬೆರಳನ್ನೂ ಸರದಿಯಾಗಿ ನೆಲಕ್ಕೆ ಮುಟ್ಟಿಸುವುದು.

ಎರಡನೆಯ ಐದು ನಿಮಿಷ, ಏಳುವುದು: ನಾಲ್ಕು ಎಣಿಕೆಗೆ ಎದ್ದು, ನಿಂತು ಒಂದು ಸಲ ಕೋಲು ತಟ್ಟಿ, ನಾಲ್ಕು ಎಣಿಕೆಗೆ ಕುಳಿತುಕೊಳ್ಳುವುದು. ಧಪ್ಪನೆ ಕುಕ್ಕರಿಸಬಾರದು, ನಿಧಾನವಾಗಿ ಇಳಿಯುವುದರಲ್ಲಿಯೇ ತೊಡೆಗೆ ಬಲ ಬರುತ್ತದೆ. ಆರಂಭದಲ್ಲಿ ಕೈಯೂರಿ ಎದ್ದರೂ ತಪ್ಪಿಲ್ಲ. ಐದು ಸಲ ಮಾಡಿ ವಿಶ್ರಮಿಸಿ, ಮತ್ತೆ ಐದು ಸಲ.

ಮುಂದಿನ ಹದಿನೈದು ನಿಮಿಷ, ನಿಂತು: ಬಲಗಾಲನ್ನು ಬಲಕ್ಕೆ ಇಡು, ಎಡಗಾಲನ್ನು ಕೂಡಿಸು, ತಟ್ಟು, ಎಡಗಾಲನ್ನು ಎಡಕ್ಕೆ ಇಡು, ಬಲಗಾಲನ್ನು ಕೂಡಿಸು, ತಟ್ಟು. ಇದು ಮೊದಲನೆಯ ವರಸೆ. ನಾಲ್ಕು ಹೆಜ್ಜೆ ಮುಂದಕ್ಕೆ ಹೋಗಿ ಜೊತೆಯವರ ಕೋಲಿಗೆ ತಟ್ಟಿ, ನಾಲ್ಕು ಚಿಕ್ಕ ಹೆಜ್ಜೆ ಹಿಂದಕ್ಕೆ ಬರುವುದು ಎರಡನೆಯದು. ಮೂರನೆಯದು ವೃತ್ತವಾಗಿ ನಡೆಯುತ್ತ ಎದುರಾದವರಿಗೆ ಕೋಲು ಕೊಟ್ಟು ಮುಂದುವರಿಯುವುದು. ತಿರುಗುವಾಗ ಪಾದವನ್ನು ನೆಲದಲ್ಲಿ ಊರಿಟ್ಟು ಸೊಂಟವನ್ನು ಮಾತ್ರ ಹೊರಳಿಸುವುದು ಮೊಣಕಾಲಿಗೆ ಅಪಾಯಕರ. ನಾಲ್ಕು ಚಿಕ್ಕ ಹೆಜ್ಜೆಗಳಿಂದ ಇಡೀ ಶರೀರವನ್ನು ತಿರುಗಿಸಬೇಕು. ಎರಡು ವಾರಕ್ಕೊಮ್ಮೆ ಒಂದು ಹೊಸ ವರಸೆಯನ್ನು ಸೇರಿಸಬೇಕು. ಬಾಯಿಪಾಠವಾದ ಮೇಲೆ ಬುದ್ಧಿಗೆ ಕೆಲಸವಿರುವುದಿಲ್ಲ.

ಕೊನೆಯ ಐದು ನಿಮಿಷ: ಕುರ್ಚಿಯ ಬೆನ್ನನ್ನು ಹಿಡಿದು ಒಂದು ಪಾದವನ್ನು ಸ್ವಲ್ಪ ಎತ್ತಿ ನಾಲ್ಕರಿಂದ ಎಂಟು ಎಣಿಸುವುದು, ಅನಂತರ ಇನ್ನೊಂದು ಪಾದ. ಬಳಿಕ ನಿಧಾನವಾಗಿ ನಡೆದು, ಕುಳಿತು, ನೀರು ಕುಡಿಯುವುದು. ಓಟವನ್ನು ಥಟ್ಟನೆ ನಿಲ್ಲಿಸುವಂತೆ ಪಾಠವನ್ನು ನಿಲ್ಲಿಸಬಾರದು.

ವೇಗವನ್ನು ತಿಳಿಯುವ ಉಪಾಯವೇನೆಂದರೆ, ಕುಣಿಯುತ್ತ ಒಂದು ವಾಕ್ಯವನ್ನು ಹೇಳಲು ಸಾಧ್ಯವಾಗಬೇಕು, ಆದರೆ ಇಡೀ ಪಲ್ಲವಿಯನ್ನು ಹಾಡಲು ಉಸಿರು ಸಾಲದಿರಬೇಕು. ಸರಾಗವಾಗಿ ಹಾಡಬಲ್ಲವರಿಗೆ ಶ್ರಮವು ಕಡಿಮೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳಲಾರದವರಿಗೆ ಅತಿ. ಆದುದರಿಂದ ನಾವು ಗುಂಪನ್ನು ಎರಡು ಮಾಡಿ, ಕುಳಿತವರು ಹಾಡುವಂತೆಯೂ ನಿಂತವರು ಆಡುವಂತೆಯೂ ಏರ್ಪಡಿಸಿದ್ದೇವೆ. ಆರಂಭದಲ್ಲಿ ಇಷ್ಟು ಶ್ರಮಕ್ಕೂ ಹೋಗಬೇಕಾಗಿಲ್ಲ. ಅಭ್ಯಾಸವಾದವರಿಗೆ ನಿಮಿಷಕ್ಕೆ ಸುಮಾರು ನೂರು ಹೆಜ್ಜೆಗಳು ಒಳ್ಳೆಯ ಲಯ. ಹೊಸಬರಿಗೆ ಎಪ್ಪತ್ತು ಸಾಕು.

ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂಚನೆಯಂತೆ ಹಿರಿಯರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಿತವಾದ ಶ್ರಮವೂ, ಎರಡು ದಿನ ಬಲವರ್ಧಕ ವ್ಯಾಯಾಮವೂ, ಮೂರು ದಿನ ಸಮತೋಲನವನ್ನು ಒಳಗೊಂಡ ಅಭ್ಯಾಸವೂ ಇರಬೇಕು. ಇದನ್ನು ಕೇಳಿ ಯಾರೂ ಹೆದರಬೇಕಾಗಿಲ್ಲ. ಸ್ವಲ್ಪ ಮಾಡುವುದು ಏನೂ ಮಾಡದಿರುವುದಕ್ಕಿಂತ ಮೇಲು ಎಂದು ಅದೇ ಸಂಸ್ಥೆಯು ಹೇಳಿದೆ.

೭. ಪರೀಕ್ಷೆ ಮತ್ತು ಆಹಾರ

ಪಾಠವಿದ್ದ ಮೇಲೆ ಪರೀಕ್ಷೆಯೂ ಇರಬೇಕಷ್ಟೆ. ಸುಮಾರು ೪೩ ಸೆಂಟಿಮೀಟರು ಎತ್ತರದ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಮಡಿಚಿಕೊಂಡು, ಮೂವತ್ತು ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ಣವಾಗಿ ಎದ್ದು ನಿಲ್ಲಲು ಸಾಧ್ಯವೆಂಬುದನ್ನು ಎಣಿಸಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಸ್ತ್ರೀಯರಲ್ಲಿ ೬೦ರಿಂದ ೬೪ ವಯಸ್ಸಿನವರು ೧೨ಕ್ಕಿಂತ, ೬೫ರಿಂದ ೬೯ರವರು ೧೧ಕ್ಕಿಂತ, ೭೦ರಿಂದ ೭೯ರವರು ೧೦ಕ್ಕಿಂತ, ೮೦ರಿಂದ ೮೪ರವರು ೯ಕ್ಕಿಂತ ಕಡಿಮೆ ಸಲ ಎದ್ದರೆ ಅವರಿಗೆ ಬೀಳುವ ಅಪಾಯವು ಹೆಚ್ಚೆಂದು ತಿಳಿಯಬೇಕು. ತಿಂಗಳಿಗೊಮ್ಮೆ ಈ ಸಂಖ್ಯೆಯನ್ನು ಬರೆದಿಡಿರಿ. ತಕ್ಕಡಿಯು ಕೊಡದ ಸಂತೋಷವನ್ನು ಇದು ಕೊಡುತ್ತದೆ.

ಆಹಾರದ ವಿಷಯದಲ್ಲಿ ಉಪವಾಸವನ್ನು ನಾನು ಬೋಧಿಸುವುದಿಲ್ಲ. ಮುಪ್ಪಿನಲ್ಲಿ ಉಪವಾಸದಿಂದ ಸ್ನಾಯುಗಳು ಕರಗುತ್ತವೆ. ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆ ಹಾಕಿದ ಕಾಫಿ ಕುಡಿಯುವವರು ಸಕ್ಕರೆಯಿಂದಲೇ ಸುಮಾರು ೧೩೦ ಕ್ಯಾಲರಿ ಸೇವಿಸುತ್ತಾರೆ. ಎಂದರೆ ಅರ್ಧ ಗಂಟೆಯ ಕೋಲಾಟಕ್ಕೆ ಹೆಚ್ಚು ಕಡಿಮೆ ಸಮಾನ. ಅದನ್ನು ಬಿಡುವುದು ಮೊದಲನೆಯ ಹೆಜ್ಜೆ. ಅನ್ನವನ್ನು ಒಂದು ಸೌಟು ಕಡಿಮೆ ಮಾಡಿ, ಆ ಸ್ಥಳದಲ್ಲಿ ಹೆಸರುಕಾಳು, ಬೇಳೆ, ಸೊಪ್ಪು, ಮೊಸರು, ಒಪ್ಪುವವರಿಗೆ ಮೊಟ್ಟೆ ಅಥವಾ ಮೀನು ಇವುಗಳನ್ನು ಸೇರಿಸುವುದು ಎರಡನೆಯದು. ಮೂತ್ರಪಿಂಡದ ತೊಂದರೆಯುಳ್ಳವರು ಬೇಳೆ ಕಾಳು, ಮೊಟ್ಟೆ, ಮೀನುಗಳನ್ನು ವೈದ್ಯರನ್ನು ಕೇಳಿಯೇ ಹೆಚ್ಚಿಸತಕ್ಕದ್ದು.

೮. ಮುಕ್ತಾಯ

ನನ್ನ ತಾಯಿಯವರು ಮೊದಲು ಒಪ್ಪಲಿಲ್ಲ. ಶಾಲೆಯ ಕೋಲುಗಳನ್ನು ಮನೆಗೆ ತಂದು ನಾನೇ ಒಂದು ವರಸೆಯನ್ನು ಹಾಕಿ ತೋರಿಸಿದೆನು. ಅವರು ಸ್ವಲ್ಪ ಹೊತ್ತು ನೋಡಿ, “ತಪ್ಪು. ನಮ್ಮ ಕಾಲದಲ್ಲಿ ಮೂರನೆಯ ಏಟು ಎಡಕ್ಕಿತ್ತು” ಎಂದು ಹೇಳಿ, ಕುಳಿತಲ್ಲಿಂದಲೇ ಕೋಲುಗಳನ್ನು ಕೈಗೆ ತೆಗೆದುಕೊಂಡರು. ಐವತ್ತಕ್ಕಿಂತ ಹೆಚ್ಚು ವರ್ಷಗಳ ಹಿಂದೆ ಕಲಿತುದು ಕೈಗಳಿಗೆ ಮರೆತಿರಲಿಲ್ಲ. ಆ ತಿಂಗಳು ಅವರು ಮೂವತ್ತು ಸೆಕೆಂಡುಗಳಲ್ಲಿ ಆರು ಸಲ ಎದ್ದರು; ಒಂದು ವರ್ಷದ ಮೇಲೆ ಹನ್ನೊಂದು ಸಲ. ತೂಕವು ಇಳಿದುದು ಎರಡೇ ಕಿಲೋ. ಮೊಣಕಾಲು ನೋವು ಹೋಗಲಿಲ್ಲ. ಆದರೆ ನೋವಿಗೆ ಹೆದರುವುದು ಹೋಯಿತು.

ಅನಂತರ ಮಾವಿನ ಮರದ ಕೆಳಗೆ ಕುಳಿತಿದ್ದವರನ್ನೂ ಕರೆಯಲಾಗಿ, ಒಂಬತ್ತು ಮಂದಿ ಬಂದರು. ಇಬ್ಬರು ಕೆಲವು ವಾರಗಳಲ್ಲಿ ಬಿಟ್ಟರು. ಒಬ್ಬರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯೇ ಅಗತ್ಯವಾಯಿತು. ಉಳಿದ ಆರು ಮಂದಿಯು ಈಗಲೂ ಶನಿವಾರಗಳಲ್ಲಿ ನಮ್ಮ ಶಾಲೆಯ ಕೆಳಗಣ ಹಜಾರದಲ್ಲಿ ಸೇರುತ್ತಾರೆ. ವಾರದ ಮಿಕ್ಕ ದಿನಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಮಾಡಿಕೊಳ್ಳುತ್ತಾರೆ. ಯಾರಾದರೂ ಬಾರದಿದ್ದರೆ ಅಂದು ಸಂಜೆಯೇ ಉಳಿದವರು ಮನೆಗೆ ಹೋಗಿ ವಿಚಾರಿಸುವರು. ಒಬ್ಬರೇ ಮಾಡುವ ವ್ಯಾಯಾಮದಲ್ಲಿ ಈ ವಿಚಾರಿಸುವವರಿಲ್ಲ.

ಈ ವರ್ಷದ ಸಮ್ಮೇಳನದಲ್ಲಿ ಪ್ರಾರ್ಥನೆಯ ಗಂಟೆ ಬಾರಿಸಿದಾಗ ನನ್ನ ತಾಯಿಯವರು ಕಟಕಟೆಯನ್ನು ಹಿಡಿದು, ಹತ್ತನೆಯ ಮೆಟ್ಟಿಲಿನಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಇಪ್ಪತ್ತೆರಡನ್ನೂ ಏರಿ ಬಂದರು. ಏರಲಾರದವರಿಗಾಗಿ ಮುಂದಿನ ವರ್ಷದಿಂದ ಪ್ರಾರ್ಥನೆಯನ್ನು ಕೆಳಗೇ ನಡೆಸಬೇಕೆಂದು ನಾವು ನಿಶ್ಚಯಿಸಿದ್ದೇವೆ. ಇದನ್ನು ಮೊದಲೇ ಮಾಡಬೇಕಾಗಿತ್ತು. ಆದರೂ ಪೋಷಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನಿಮ್ಮ ಮನೆಯ ಹಿರಿಯರಿಗೆ ಮೆತ್ತೆಯನ್ನು ತಂದುಕೊಡುವ ಮೊದಲು ಒಂದು ಜೊತೆ ಕೋಲುಗಳನ್ನು ತಂದುಕೊಡಿರಿ, ಅವರ ಎದುರಿನಲ್ಲಿ ಇನ್ನೊಂದು ಜೊತೆಯನ್ನು ಹಿಡಿದು ನೀವೇ ನಿಲ್ಲಿರಿ. ಶನಿವಾರ ಸಂಜೆ ನಾಲ್ಕೂವರೆಗೆ ನಮ್ಮ ಹಜಾರದ ಬಾಗಿಲು ತೆರೆದಿರುತ್ತದೆ. ತಾತಂದಿರಿಗೂ ಸ್ವಾಗತವಿದೆ.